ತೈಲ ಶುದ್ಧೀಕರಣಾಗಾರದ ನಿಯಂತ್ರಣ ವ್ಯವಸ್ಥೆ: ಖರೀದಿ ಒಮ್ಮೆ, ನಂಟು ದಶಕಗಳವರೆಗೆ

ಕೊಡಗಿನಲ್ಲಿ ತೈಲ ಶುದ್ಧೀಕರಣಾಗಾರವಿಲ್ಲ, ರೈಲು ಮಾರ್ಗವೂ ಇಲ್ಲ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಬಂಕುಗಳಿಗೆ ಪೆಟ್ರೋಲ್ ಮತ್ತು ಡೀಸೆಲ್ ತಲುಪುವುದು ರಸ್ತೆಯಲ್ಲಿ ಬರುವ ಟ್ಯಾಂಕರ್‌ಗಳಿಂದಲೇ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕಾಫಿ ತೋಟಗಳ ಪಂಪ್‌ಸೆಟ್‌ಗಳಿಗೂ ಡೀಸೆಲ್ ಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಪರಿಸರದಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆ ಮುಚ್ಚಿದಾಗ ಕರಾವಳಿಯೊಡನೆ ಜಿಲ್ಲೆಯ ನೇರ ಸಂಪರ್ಕವೇ ಕಡಿದುಹೋಗಿತ್ತು.

ರಸ್ತೆಯ ತೊಡಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಇಂಧನದ ಈ ಸರಪಣಿ ಆರಂಭವಾಗುವುದು ಶುದ್ಧೀಕರಣಾಗಾರದ ನಿಯಂತ್ರಣ ಕೊಠಡಿಯಲ್ಲಿ. ಅಲ್ಲಿನ ಗಣಕ ವ್ಯವಸ್ಥೆಯನ್ನು ಯಾರು ತಯಾರಿಸುತ್ತಾರೆ, ಹೇಗೆ ಮಾರುತ್ತಾರೆ, ಕೊಂಡ ಮೇಲೆ ಏನಾಗುತ್ತದೆ ಎಂಬುದರ ಪರಿಚಯ ಇಲ್ಲಿದೆ.

ರಾಜ್ಯದ ಏಕೈಕ ಶುದ್ಧೀಕರಣಾಗಾರ

ಕರ್ನಾಟಕದಲ್ಲಿರುವ ಏಕೈಕ ತೈಲ ಶುದ್ಧೀಕರಣಾಗಾರವೆಂದರೆ ಮಂಗಳೂರಿನ ಉತ್ತರಕ್ಕೆ ಕುತ್ತೆತ್ತೂರಿನಲ್ಲಿರುವ ಎಂಆರ್‌ಪಿಎಲ್. ಹಿಂದೂಸ್ತಾನ್ ಪೆಟ್ರೋಲಿಯಂ ಹಾಗೂ ಆದಿತ್ಯ ಬಿರ್ಲಾ ಸಮೂಹದ ಜಂಟಿ ಉದ್ಯಮವಾಗಿ 1988ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ 1996ರಲ್ಲಿ ವಾರ್ಷಿಕ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಉತ್ಪಾದನೆ ಆರಂಭಿಸಿತು. 2003ರಲ್ಲಿ ಒಎನ್‌ಜಿಸಿ ಇದರ ಆಡಳಿತವನ್ನು ವಹಿಸಿಕೊಂಡಿತು. ಹಂತ ಹಂತವಾಗಿ ವಿಸ್ತರಣೆಗೊಂಡು ಇಂದು ಇದರ ಸಾಮರ್ಥ್ಯ ವಾರ್ಷಿಕ 150 ಲಕ್ಷ ಟನ್‌ಗೆ ಏರಿದೆ.

ಇಲ್ಲಿಂದ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿಗೆ ಸಾಗುವ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿತು. ಇಂತಹ ಕೊಳವೆ ಮಾರ್ಗಗಳಲ್ಲಿ ಒತ್ತಡ ಮತ್ತು ಹರಿವನ್ನು ದೂರದಿಂದಲೇ ಗಮನಿಸುವ ವ್ಯವಸ್ಥೆಗೆ ‘ಸ್ಕಾಡಾ’ ಎಂದು ಹೆಸರು. ಕಾರ್ಖಾನೆಯೊಳಗಿನ ಕ್ಷಣಕ್ಷಣದ ನಿಯಂತ್ರಣಕ್ಕೆ ಬಳಸುವುದು ‘ಡಿಸಿಎಸ್’, ಅರ್ಥಾತ್ ವಿಕೇಂದ್ರೀಕೃತ ನಿಯಂತ್ರಣ ವ್ಯವಸ್ಥೆ.

ಡಿಸಿಎಸ್ ಕೆಲಸ ಮಾಡುವ ಬಗೆ

ಕಚ್ಚಾ ತೈಲವನ್ನು ಕುಲುಮೆಯಲ್ಲಿ ಸುಮಾರು 350ರಿಂದ 370 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾಯಿಸಿ ಬಟ್ಟಿ ಇಳಿಸುವ ಗೋಪುರಕ್ಕೆ ಬಿಡಲಾಗುತ್ತದೆ. ತಾಪ ತುಸು ತಗ್ಗಿದರೂ ಮಾಪಕ ಅದನ್ನು ಗ್ರಹಿಸಿ ವಿದ್ಯುತ್ ಸಂಕೇತ ಕಳುಹಿಸುತ್ತದೆ. ನಿಯಂತ್ರಕ ಲೆಕ್ಕ ಹಾಕಿ ಇಂಧನ ಅನಿಲದ ವಾಲ್ವನ್ನು ಬೇಕಾದಷ್ಟೇ ತೆರೆಯುತ್ತದೆ. ಇಂತಹ ಸಾವಿರಾರು ಸುತ್ತುಗಳು ಹಗಲಿರುಳು ನಡೆಯುತ್ತಿರುತ್ತವೆ.

ಮಾಪಕದ ಸಂಕೇತ ಸಾಮಾನ್ಯವಾಗಿ 4ರಿಂದ 20 ಮಿಲಿ ಆಂಪಿಯರ್‌ಗಳ ನಡುವೆ ಇರುತ್ತದೆ. ಸೊನ್ನೆಯ ಬದಲು ನಾಲ್ಕರಿಂದ ಆರಂಭಿಸುವುದಕ್ಕೆ ಕಾರಣವಿದೆ. ತಂತಿ ತುಂಡಾದರೆ ಸಂಕೇತ ಸೊನ್ನೆಗಿಳಿಯುತ್ತದೆ. ಅದು ಕನಿಷ್ಠ ಅಳತೆಯಲ್ಲ, ದೋಷ ಎಂಬುದು ತಕ್ಷಣ ತಿಳಿಯುತ್ತದೆ. ನಿಯಂತ್ರಕಗಳನ್ನೂ ಜೋಡಿಯಾಗಿ ಇರಿಸಲಾಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ.

ಇದರಿಂದ ಪ್ರತ್ಯೇಕವಾಗಿ ಇರಬೇಕಾದುದು ಸುರಕ್ಷತಾ ವ್ಯವಸ್ಥೆ. ಒತ್ತಡ ಅಥವಾ ಮಟ್ಟ ಅಪಾಯದ ಗೆರೆ ದಾಟಿದರೆ ಯಾರ ಅಪ್ಪಣೆಗೂ ಕಾಯದೆ ಘಟಕವನ್ನು ನಿಲ್ಲಿಸುವುದು ಇದರ ಕೆಲಸ. ಒಂದೇ ಅಳತೆಗೆ ಮೂರು ಮಾಪಕಗಳನ್ನಿರಿಸಿ, ಎರಡು ಒಪ್ಪಿದರೆ ಮಾತ್ರ ಕ್ರಮ ಜರುಗಿಸುವ ಪದ್ಧತಿಯೂ ಉಂಟು. ಹೀಗಾಗಿ ಮಾಪಕವೊಂದರ ಹುಸಿ ಸಂಕೇತಕ್ಕೆ ಇಡೀ ಘಟಕ ನಿಲ್ಲುವುದು ತಪ್ಪುತ್ತದೆ.

ಪ್ರಮುಖ ತಯಾರಕರು

ಹಿಂದೆ ಗಾಳಿಯ ಒತ್ತಡದಿಂದ ನಡೆಯುವ ಉಪಕರಣಗಳೇ ಶುದ್ಧೀಕರಣಾಗಾರಗಳಲ್ಲಿ ಬಳಕೆಯಲ್ಲಿದ್ದವು. 1975ರಲ್ಲಿ ಅಮೆರಿಕದ ಹನಿವೆಲ್ ಸಂಸ್ಥೆ ‘ಟಿಡಿಸಿ 2000’ ಅನ್ನೂ ಜಪಾನಿನ ಯೊಕೊಗಾವಾ ಸಂಸ್ಥೆ ‘ಸೆಂಟಮ್’ ಅನ್ನೂ ಹೊರತಂದವು. ಡಿಸಿಎಸ್ ಯುಗ ಆರಂಭವಾದದ್ದು ಅಲ್ಲಿಂದ. ಇಂದು ಹನಿವೆಲ್‌ನ ಎಕ್ಸ್‌ಪೀರಿಯನ್, ಯೊಕೊಗಾವಾದ ಸೆಂಟಮ್ ವಿಪಿ, ಎಮರ್ಸನ್‌ನ ಡೆಲ್ಟಾವಿ, ಎಬಿಬಿಯ 800ಎಕ್ಸ್‌ಎ, ಷ್ನೈಡರ್‌ನ ಫಾಕ್ಸ್‌ಬೊರೊ ಮೊದಲಾದವು ಜಗತ್ತಿನಾದ್ಯಂತ ಬಳಕೆಯಲ್ಲಿವೆ.

ಈ ಉದ್ಯಮದಲ್ಲಿ ಬೆಂಗಳೂರಿಗೆ ವಿಶೇಷ ಸ್ಥಾನವಿದೆ. ಯೊಕೊಗಾವಾ ಇಂಡಿಯಾ ಮತ್ತು ಎಬಿಬಿ ಇಂಡಿಯಾ ಸಂಸ್ಥೆಗಳ ಪ್ರಧಾನ ಕಚೇರಿಗಳಿರುವುದು ಇಲ್ಲಿಯೇ. ವಿದ್ಯುತ್ ಸ್ಥಾವರಗಳ ನಿಯಂತ್ರಣ ವ್ಯವಸ್ಥೆಗಳನ್ನು ತಯಾರಿಸುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ಮೈಸೂರು ರಸ್ತೆಯಲ್ಲಿದೆ. ಪೊನ್ನಂಪೇಟೆ, ಕುಶಾಲನಗರಗಳ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಯುವಜನರು ಸಾಫ್ಟ್‌ವೇರ್ ಹೊರತಾಗಿಯೂ ಗಮನಿಸಬಹುದಾದ ಕ್ಷೇತ್ರವಿದು.

ಮಾರಾಟದ ದಾರಿ

ಶುದ್ಧೀಕರಣಾಗಾರಕ್ಕೆ ನಿಯಂತ್ರಣ ವ್ಯವಸ್ಥೆ ಮಾರುವುದೆಂದರೆ ಒಬ್ಬ ಗಿರಾಕಿಯನ್ನು ಒಪ್ಪಿಸುವುದಲ್ಲ. ಹಣ ಕೊಡುವುದು ಕಂಪನಿಯಾದರೂ ವಿನ್ಯಾಸ ರೂಪಿಸುವುದು ಎಂಜಿನಿಯರ್ಸ್ ಇಂಡಿಯಾದಂತಹ ಸಲಹಾ ಸಂಸ್ಥೆ. ಸಂಸ್ಕರಣಾ ತಂತ್ರಜ್ಞಾನದ ಪರವಾನಗಿ ನೀಡಿದವರ ಷರತ್ತುಗಳೂ ಇರುತ್ತವೆ. ಇವರೆಲ್ಲರ ಅನುಮೋದಿತ ತಯಾರಕರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಟೆಂಡರ್‌ನ ಬಾಗಿಲು ತೆರೆಯುವುದೇ ಕಷ್ಟ. ಬೇರೆ ಶುದ್ಧೀಕರಣಾಗಾರದಲ್ಲಿ ತೊಂದರೆಯಿಲ್ಲದೆ ನಡೆದ ದಾಖಲೆಯೇ ಇಲ್ಲಿ ಮುಖ್ಯ ಅರ್ಹತೆ.

ಸಾರ್ವಜನಿಕ ವಲಯದಲ್ಲಿ ತಾಂತ್ರಿಕ ಬಿಡ್ ಮತ್ತು ದರ ಬಿಡ್‌ಗಳನ್ನು ಪ್ರತ್ಯೇಕವಾಗಿ ಪಡೆಯಲಾಗುತ್ತದೆ. ತಾಂತ್ರಿಕವಾಗಿ ಅರ್ಹರಾದವರಲ್ಲಿ ಕನಿಷ್ಠ ದರ ನಮೂದಿಸಿದವರು, ಅಂದರೆ ‘ಎಲ್-1’, ಸಾಮಾನ್ಯವಾಗಿ ಗುತ್ತಿಗೆ ಪಡೆಯುತ್ತಾರೆ. 2017ರ ಕೇಂದ್ರ ಸರ್ಕಾರದ ಆದೇಶದನ್ವಯ ದೇಶೀಯ ಅಂಶ ಹೆಚ್ಚಿರುವವರಿಗೆ ಆದ್ಯತೆಯಿದೆ. 2020ರ ಜುಲೈನಿಂದ ಭಾರತದೊಡನೆ ಭೂಗಡಿ ಹೊಂದಿರುವ ದೇಶಗಳ ಬಿಡ್‌ದಾರರಿಗೆ ನೋಂದಣಿಯ ನಿರ್ಬಂಧವೂ ಸೇರಿದೆ. ಆದೇಶ ದೊರೆತ ಮೇಲೆ ತಯಾರಕರ ಕಾರ್ಖಾನೆಯಲ್ಲಿ ಒಮ್ಮೆ, ಸ್ಥಾವರದಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಯುತ್ತದೆ.

ನಿಜವಾದ ವ್ಯಾಪಾರ ಆರಂಭವಾಗುವುದು ಇದರ ಬಳಿಕ. ನಿಯಂತ್ರಕ ಯಂತ್ರ 20 ವರ್ಷ ಬಾಳಬಹುದು. ಅದರ ಮೇಲ್ಪದರದ ಗಣಕಗಳ ತಂತ್ರಾಂಶಕ್ಕೆ ಅಷ್ಟು ಆಯುಸ್ಸಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ಆಗ ಬದಲಾವಣೆ ಅನಿವಾರ್ಯವಾದರೂ ಸ್ಥಾವರವನ್ನು ಮನಬಂದಾಗ ನಿಲ್ಲಿಸುವಂತಿಲ್ಲ; ಕೆಲವು ವರ್ಷಗಳಿಗೊಮ್ಮೆ ಬರುವ ಶಟ್‌ಡೌನ್‌ಗಾಗಿ ಕಾಯಬೇಕು. ಸಾವಿರಾರು ತಂತಿಗಳು, ಪರದೆಯ ಚಿತ್ರಗಳು, ಸಿಬ್ಬಂದಿಯ ಅಭ್ಯಾಸ ಎಲ್ಲವೂ ಒಂದೇ ಕಂಪನಿಯ ವ್ಯವಸ್ಥೆಗೆ ಹೊಂದಿಕೊಂಡಿರುತ್ತವೆ. ಹೀಗಾಗಿ ಎರಡನೆಯ ಖರೀದಿಯಲ್ಲಿ ಚೌಕಾಶಿಗೆ ಅವಕಾಶ ಕಡಿಮೆ. ಮೊದಲ ಟೆಂಡರ್‌ನಲ್ಲಿ ದರ ಇಳಿಸಿದವರು ಬಿಡಿಭಾಗ, ನಿರ್ವಹಣೆ, ಮೇಲ್ದರ್ಜೆಗಳಲ್ಲಿ ಅದನ್ನು ಮರಳಿ ಪಡೆಯಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಯಂತ್ರ ಸುಳ್ಳು ಹೇಳಿದಾಗ

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ಶುದ್ಧೀಕರಣಾಗಾರದಲ್ಲಿ ಗೋಪುರವೊಂದು ಮಿತಿಮೀರಿ ತುಂಬಿತ್ತು. ಮಾಪಕ ಮಾತ್ರ ಮಟ್ಟ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಸ್ಫೋಟಕ್ಕೆ 15 ಮಂದಿ ಬಲಿಯಾದರು. 2009ರ ಅಕ್ಟೋಬರ್ 29ರಂದು ಜೈಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲ್ ಸೋರಿ ಭಾರಿ ಬೆಂಕಿ ಹೊತ್ತಿಕೊಂಡಿತು. ವಾಲ್ವನ್ನು ದೂರದಿಂದಲೇ ಮುಚ್ಚುವ ಸೌಲಭ್ಯ ಅಲ್ಲಿ ಬಳಕೆಯ ಸ್ಥಿತಿಯಲ್ಲಿರಲಿಲ್ಲ ಎಂಬುದು ತನಿಖೆಯಿಂದ ಹೊರಬಂದಿತು. ಕೊಂಡ ಉಪಕರಣ ಇದ್ದರೆ ಸಾಲದು, ಅದು ನಡೆಯುವ ಸ್ಥಿತಿಯಲ್ಲಿರಬೇಕು ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಹೊಸ ಆತಂಕ ಸೈಬರ್ ದಾಳಿಯದು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಇರಾನಿನ ಅಣು ಘಟಕದ ಯಂತ್ರಗಳನ್ನು ಹಾಳುಗೆಡವಿತು. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರದಲ್ಲಿ ‘ಟ್ರೈಟನ್’ ಎಂಬ ಕುತಂತ್ರಾಂಶ ಸುರಕ್ಷತಾ ವ್ಯವಸ್ಥೆಯೊಳಗೇ ನುಗ್ಗಿತು. ಭಾರತದಲ್ಲಿ ನಿರ್ಣಾಯಕ ಮಾಹಿತಿ ಮೂಲಸೌಕರ್ಯದ ರಕ್ಷಣೆಗೆಂದು 2014ರಲ್ಲಿ ರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸಲಾಯಿತು. ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರಲ್ಲಿ ನಿರ್ದೇಶಿಸಿತು.

ಕೊಳ್ಳುವವರು ಗಮನಿಸಬೇಕಾದುದು

ಇವೆಲ್ಲವನ್ನು ಪರಿಗಣಿಸಿದರೆ ಮೊದಲ ದಿನದ ದರವೊಂದನ್ನೇ ಅಳತೆಗೋಲಾಗಿಸುವುದು ಜಾಣತನವಲ್ಲ. ಹದಿನೈದು-ಇಪ್ಪತ್ತು ವರ್ಷಗಳ ಬಿಡಿಭಾಗ ಮತ್ತು ನಿರ್ವಹಣೆಯ ದರಗಳನ್ನು ಟೆಂಡರ್ ಹಂತದಲ್ಲೇ ಬರಹದಲ್ಲಿ ಪಡೆಯಬೇಕು. ತರ್ಕ ಚಿತ್ರಗಳು, ಸಂರಚನಾ ಕಡತಗಳು, ಪಾಸ್‌ವರ್ಡ್‌ಗಳು ಸ್ಥಾವರದ ಸ್ವಾಧೀನದಲ್ಲಿರಬೇಕು. ಬೇರೆ ಕಂಪನಿಗಳ ಉಪಕರಣಗಳೊಡನೆ ಮಾತನಾಡಬಲ್ಲ ಮುಕ್ತ ಮಾನದಂಡಗಳಿಗೆ ಒತ್ತು ನೀಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವ್ಯವಸ್ಥೆಯ ಒಳಹೊರಗನ್ನು ಬಲ್ಲ ಸ್ವಂತ ಸಿಬ್ಬಂದಿಯನ್ನು ಬೆಳೆಸಬೇಕು. ಮಾರಾಟಗಾರರ ಇಂಜಿನಿಯರ್ ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದು ತಲುಪುವ ಹೊತ್ತಿಗೆ ನಡುರಾತ್ರಿಯ ಮೊದಲ ಹತ್ತು ನಿಮಿಷ ಕಳೆದಿರುತ್ತದೆ. ಆ ಹತ್ತು ನಿಮಿಷಗಳಲ್ಲಿ ಪರದೆಯ ಮುಂದಿರುವವರು ಪಾಳಿಯ ನೌಕರರು ಮಾತ್ರ.