ಸಸ್ಯಜನ್ಯ ಸೂರ್ಯರಕ್ಷಕ ಸಂಯುಕ್ತಗಳು

ಸಸ್ಯಜನ್ಯ ಸೂರ್ಯರಕ್ಷಕ ಸಂಯುಕ್ತಗಳು ಎಂದರೆ ಸೂರ್ಯನ ನೇರಳಾತೀತ ಕಿರಣಗಳಿಂದ ಚರ್ಮಕ್ಕೆ ಆಗುವ ಹಾನಿಯನ್ನು ತಡೆಯುವ ಅಥವಾ ತಗ್ಗಿಸುವ, ಗಿಡಮರಗಳಿಂದ ದೊರೆಯುವ ರಾಸಾಯನಿಕ ವಸ್ತುಗಳು. ಇವುಗಳಲ್ಲಿ ಕೆಲವು ಕಿರಣಗಳನ್ನು ನೇರವಾಗಿ ಹೀರಿಕೊಳ್ಳುತ್ತವೆ. ಹೆಚ್ಚಿನವು ಕಿರಣಗಳು ಚರ್ಮವನ್ನು ತಲುಪಿದ ಬಳಿಕ ಉಂಟಾಗುವ ಉತ್ಕರ್ಷಣವನ್ನು ಮಾತ್ರ ತಗ್ಗಿಸುತ್ತವೆ. ಈ ಸಂದರ್ಭದಲ್ಲಿ ಹೆಸರು ಕೇಳಿಬರುವ ಹೊಂಗೆ, ದಾಳಿಂಬೆ ಮತ್ತು ತೆಂಗು, ಮೂರೂ ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಪರಿಚಿತ ಸಸ್ಯಗಳಾಗಿವೆ. ಆದರೆ ರಕ್ಷಣೆಯ ಸಾಮರ್ಥ್ಯದಲ್ಲಿ ಇವು ಸಮಾನವಲ್ಲ.

ನೇರಳಾತೀತ ಕಿರಣಗಳು ಮತ್ತು ಚರ್ಮ

ಭೂಮಿಯನ್ನು ತಲುಪುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. 280ರಿಂದ 315 ನ್ಯಾನೊಮೀಟರ್ ತರಂಗದೂರದ ಯುವಿ-ಬಿ ಕಿರಣಗಳು ಚರ್ಮವನ್ನು ಸುಡುತ್ತವೆ ಮತ್ತು ಜೀವಕೋಶಗಳ ಡಿಎನ್‌ಎಗೆ ನೇರ ಹಾನಿ ಮಾಡುತ್ತವೆ. 315ರಿಂದ 400 ನ್ಯಾನೊಮೀಟರ್‌ನ ಯುವಿ-ಎ ಕಿರಣಗಳು ಆಳಕ್ಕಿಳಿದು ಸುಕ್ಕು ಮತ್ತು ಕಪ್ಪುಕಲೆಗಳಿಗೆ ಕಾರಣವಾಗುತ್ತವೆ. ಮುಖದ ಮೇಲೆ ಬಂಗು ಗಾಢವಾಗುವಲ್ಲಿ ಯುವಿ-ಎ ಜೊತೆಗೆ ಕಣ್ಣಿಗೆ ಕಾಣುವ ಬೆಳಕಿನ ಪಾತ್ರವೂ ಇದೆ.

ಈ ನಾಲ್ಕು ತಾಲ್ಲೂಕುಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಏಪ್ರಿಲ್ ತಿಂಗಳ ಕೊನೆಗೆ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಇಲ್ಲಿ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆಗಸ್ಟಿನ ಮೋಡ ಶಾಖವನ್ನು ತಗ್ಗಿಸಿದರೂ ನೇರಳಾತೀತ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ. ಕಂದು ಚರ್ಮದ ಮೆಲನಿನ್ ಒಂದು ಮಟ್ಟಿನ ಸಹಜ ರಕ್ಷಣೆ ನೀಡುತ್ತದೆ; ಬಂಗು ಮತ್ತು ಕಲೆಗಳನ್ನು ಅದು ತಡೆಯಲಾರದು.

ಹೊಂಗೆ

ಹೊಂಗೆ (ಪೊಂಗಾಮಿಯಾ ಪಿನ್ನಾಟಾ) ಬಯಲುಸೀಮೆಯಲ್ಲಿ ರಸ್ತೆಬದಿ, ಹೊಲದ ಬದು ಮತ್ತು ಕೆರೆಯಂಚಿನಲ್ಲಿ ಬೆಳೆಯುವ ಮರ. ಇದರ ಬೀಜದ ಎಣ್ಣೆ ಕಹಿಯಾಗಿದ್ದು ಖಾದ್ಯವಲ್ಲ. ದೀಪಕ್ಕೆ, ಸಾಬೂನಿಗೆ, ಚರ್ಮರೋಗಗಳ ಮನೆಮದ್ದಿಗೆ ಬಳಸುತ್ತ ಬಂದ ಈ ಎಣ್ಣೆಯನ್ನು ಈಚೆಗೆ ಜೈವಿಕ ಇಂಧನಕ್ಕೂ ಬಳಸಲಾಗುತ್ತಿದೆ. ಎಣ್ಣೆಯಲ್ಲಿರುವ ಕರಂಜಿನ್ ಮತ್ತು ಪೊಂಗಾಮೋಲ್ ಎಂಬ ಎರಡು ಸಂಯುಕ್ತಗಳು ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತವೆ.

ಸೂರ್ಯರಕ್ಷಣೆಯ ದೃಷ್ಟಿಯಿಂದ ಪೊಂಗಾಮೋಲ್ ಹೆಚ್ಚು ಮಹತ್ವದ್ದು. ಇದರ ಅಣುವಿನಲ್ಲಿ ಎರಡು ಕಾರ್ಬೊನಿಲ್ ಗುಂಪುಗಳ ನಡುವೆ ಒಂದೇ ಇಂಗಾಲದ ಪರಮಾಣುವಿದೆ. ಜಗತ್ತಿನಾದ್ಯಂತ ಸನ್‌ಸ್ಕ್ರೀನ್‌ಗಳಲ್ಲಿ ಬಳಕೆಯಲ್ಲಿರುವ ಸಂಶ್ಲೇಷಿತ ವಸ್ತು ಆವೊಬೆನ್‌ಜೋನ್‌ನ ರಚನೆಯೂ ಇದೇ ಬಗೆಯದು. ಎರಡೂ 350 ನ್ಯಾನೊಮೀಟರ್ ಆಸುಪಾಸಿನ ಯುವಿ-ಎ ಕಿರಣಗಳನ್ನು ಪ್ರಬಲವಾಗಿ ಹೀರುತ್ತವೆ. ಕಾರ್ಖಾನೆಯಲ್ಲಿ ರೂಪಿಸಿದ ಅಣುವಿಗೆ ಇಷ್ಟು ಹತ್ತಿರದ ಅಣು ಬದುವಿನ ಮರದ ಬೀಜದಲ್ಲಿರುವುದು ಗಮನಾರ್ಹ. ಪೊಂಗಾಮೋಲ್ ಯುಕ್ತ ಸಾರವನ್ನು ಪ್ರಸಾಧನ ಉದ್ಯಮ ಪೂರಕ ಶೋಧಕವಾಗಿ ಬಳಸುತ್ತದೆ. ಆದರೆ ಗಾಣದಿಂದ ಬಂದ ಕಚ್ಚಾ ಎಣ್ಣೆಯಲ್ಲಿ ಈ ಸಂಯುಕ್ತಗಳ ಪ್ರಮಾಣ ಅಲ್ಪ. ಅದು ಬೀಜದಿಂದ ಬೀಜಕ್ಕೆ ವ್ಯತ್ಯಾಸವಾಗುತ್ತದೆ. ಆದ್ದರಿಂದ ಹೊಂಗೆಯೆಣ್ಣೆಯನ್ನೇ ಮೈಗೆ ಹಚ್ಚಿಕೊಳ್ಳುವುದು ಸನ್‌ಸ್ಕ್ರೀನ್ ಬಳಕೆಗೆ ಸಮನಲ್ಲ.

ದಾಳಿಂಬೆ

ಹಿರಿಯೂರು ಮತ್ತು ಹೊಸದುರ್ಗ ತಾಲ್ಲೂಕುಗಳಲ್ಲಿ ದಾಳಿಂಬೆ ವಾಣಿಜ್ಯ ಬೆಳೆ. ಹಣ್ಣಿನ ಸಿಪ್ಪೆಯಲ್ಲಿ ಪ್ಯುನಿಕಾಲಜಿನ್ ಎಂಬ ಟ್ಯಾನಿನ್ ಹೇರಳವಾಗಿದ್ದು, ಅದು ಒಡೆದಾಗ ಎಲಾಜಿಕ್ ಆಮ್ಲ ದೊರೆಯುತ್ತದೆ. ಇವು ಮುಖ್ಯವಾಗಿ ಉತ್ಕರ್ಷಣನಿರೋಧಕಗಳು. 2019ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಲಾಸ್ ಏಂಜಲೀಸ್) ಪ್ರಯೋಗವೊಂದರಲ್ಲಿ 74 ಮಹಿಳೆಯರು ಭಾಗವಹಿಸಿದ್ದರು. 12 ವಾರ ದಾಳಿಂಬೆಯ ರಸ ಅಥವಾ ಸಾರ ಸೇವಿಸಿದವರ ಚರ್ಮ ಕೆಂಪಾಗಲು ಮೊದಲಿಗಿಂತ ಹೆಚ್ಚು ಯುವಿ-ಬಿ ಬೇಕಾಯಿತು. ಭಾಗವಹಿಸಿದವರದು ಬಿಳಿಯಿಂದ ತಿಳಿಗಂದು ಬಣ್ಣದವರೆಗಿನ ಚರ್ಮ; ಗಾಢ ಬಣ್ಣದ ಚರ್ಮಕ್ಕೆ ಈ ಫಲಿತಾಂಶವನ್ನು ನೇರವಾಗಿ ಅನ್ವಯಿಸಲಾಗದು. ಬಿಸಿಲಿನ ಬಾಧೆ ದಾಳಿಂಬೆಯ ಹಣ್ಣಿಗೂ ತಪ್ಪಿದ್ದಲ್ಲ. ಬಿಸಿಲಿಗೆ ಒಡ್ಡಿದ ಮಗ್ಗುಲು ಕಂದಾಗಿ ಬೆಲೆ ಕುಸಿಯುವುದರಿಂದ ಬೆಳೆಗಾರರು ಹಣ್ಣಿಗೆ ಹೊದಿಕೆ ಹಾಕುವುದುಂಟು.

ತೆಂಗಿನೆಣ್ಣೆ

ತೆಂಗಿನೆಣ್ಣೆಗೆ ಎಸ್‌ಪಿಎಫ್ 7ರಿಂದ 8ರಷ್ಟಿದೆ ಎಂಬ ಮಾತು ವ್ಯಾಪಕವಾಗಿ ಹರಡಿದೆ. ಇದರ ಮೂಲ 2010ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನ. ಅದರಲ್ಲಿ ಎಣ್ಣೆಯನ್ನು ದ್ರಾವಣವಾಗಿಸಿ ಉಪಕರಣದಲ್ಲಿ ಅಳೆಯಲಾಗಿತ್ತೇ ಹೊರತು ಮನುಷ್ಯರ ಚರ್ಮದ ಮೇಲಲ್ಲ. ತೆಂಗಿನೆಣ್ಣೆಯಲ್ಲಿ ಬಹುಪಾಲು ಇರುವ ಸಂತೃಪ್ತ ಕೊಬ್ಬಿನಾಮ್ಲಗಳಿಗೆ ಈ ಕಿರಣಗಳನ್ನು ಹೀರುವ ಗುಣವಿಲ್ಲ. ಒಣಚರ್ಮಕ್ಕೆ ಅದು ಒಳ್ಳೆಯ ಲೇಪ; ಬಿಸಿಲಿಗೆ ತಡೆಯಲ್ಲ.

ಅಳತೆ ಮತ್ತು ಬಳಕೆ

ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಯುವಿ-ಬಿ ರಕ್ಷಣೆಯ ಅಳತೆ. ಎಸ್‌ಪಿಎಫ್ 15 ಸುಮಾರು 93 ಶೇಕಡಾ, ಎಸ್‌ಪಿಎಫ್ 30 ಸುಮಾರು 97 ಶೇಕಡಾ ಕಿರಣಗಳನ್ನು ತಡೆಯುತ್ತದೆ. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸಿದಾಗ ಮಾತ್ರ ಈ ಲೆಕ್ಕ ಸರಿ. ವಾಡಿಕೆಯಲ್ಲಿ ಜನರು ಇದರ ಅರ್ಧವನ್ನೂ ಹಚ್ಚುವುದಿಲ್ಲ. ಬೆವರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಒತ್ತು ನೇಯ್ಗೆಯ ತುಂಬುತೋಳಿನ ಬಟ್ಟೆ ಮತ್ತು ತಲೆಗೆ ಸುತ್ತಿದ ವಸ್ತ್ರ ಯಾವ ಸಸ್ಯಸಾರಕ್ಕಿಂತಲೂ ಅಗ್ಗದ, ಭರವಸೆಯ ರಕ್ಷಣೆ.

ಬಿಸಿಲಿನ ಹಾನಿಯನ್ನು ಹೆಚ್ಚಿಸುವ ಸಸ್ಯಗಳು

ಸಸ್ಯಜನ್ಯವಾದುದೆಲ್ಲ ನಿರಪಾಯವಲ್ಲ. ಕಪ್ಪಾದ ಚರ್ಮಕ್ಕೆ ನಿಂಬೆರಸ ಉಜ್ಜುವ ರೂಢಿಯಿದೆ. ನಿಂಬೆಯಲ್ಲಿರುವ, ವಿಶೇಷವಾಗಿ ಅದರ ಸಿಪ್ಪೆಯಲ್ಲಿರುವ ಫ್ಯೂರನೊಕೌಮರಿನ್‌ಗಳು ಯುವಿ-ಎ ಬಿದ್ದೊಡನೆ ಕ್ರಿಯಾಶೀಲವಾಗಿ ಚರ್ಮವನ್ನು ಸುಡುತ್ತವೆ. ಬೊಕ್ಕೆ ಆರಿದ ಮೇಲೂ ಕಪ್ಪುಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಾವಂಚಿ ಬೀಜದ ಸೊರಾಲೆನ್ ಇದೇ ವರ್ಗದ್ದು. ತೊನ್ನಿನ ಚಿಕಿತ್ಸೆಯಲ್ಲಿ ಈ ಗುಣವನ್ನೇ ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಿಕೊಳ್ಳುತ್ತಾರೆ.

ಕಾಂಗ್ರೆಸ್ ಕಳೆ ಎಂದು ಕರೆಯಲಾಗುವ ಪಾರ್ಥೇನಿಯಂ ಮತ್ತೊಂದು ಬಗೆಯದು. ಅದರ ಪಾರ್ಥೆನಿನ್ ಅಂಶ ಒಣಗಿದ ಗಿಡದ ಪುಡಿಯೊಡನೆ ಗಾಳಿಯಲ್ಲಿ ಹರಡಿ ಮುಖ, ಕತ್ತು ಮತ್ತು ಮೊಣಕೈ ಮಡಿಕೆಗಳಲ್ಲಿ ಅಲರ್ಜಿಯ ತುರಿಕೆ ತರುತ್ತದೆ. ಬಿಸಿಲಿಗೆ ಒಡ್ಡಿದ ಭಾಗಗಳಲ್ಲೇ ಕಾಣಿಸುವುದರಿಂದ ಇದನ್ನು ಬಿಸಿಲಿನ ಬಾಧೆಯೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಮೇಲ್ರೆಪ್ಪೆ, ಗಲ್ಲದ ಕೆಳಭಾಗ ಮತ್ತು ಕಿವಿಯ ಹಿಂದೆ, ಅಂದರೆ ನೆರಳಿರುವ ಕಡೆಯೂ ತುರಿಕೆಯಿದ್ದರೆ ಗಾಳಿಯಲ್ಲಿ ಬಂದ ಅಲರ್ಜಿಯ ಸಂಶಯ ಬಲವಾಗುತ್ತದೆ. ಚರ್ಮತಜ್ಞರು ಪ್ಯಾಚ್ ಪರೀಕ್ಷೆಯಿಂದ ಇದನ್ನು ಖಚಿತಪಡಿಸುತ್ತಾರೆ.