ಸೋಹಗೌರಾ ತಾಮ್ರಪಟ: ಕಣಜ ತೆರೆಯುವ ಮಾತು

ನಮ್ಮ ಶಾಸನಗಳಲ್ಲಿ ಭತ್ತಕ್ಕೇನೂ ಬರವಿಲ್ಲ. ದೇವರ ನೈವೇದ್ಯಕ್ಕೆ ಇಷ್ಟು ಖಂಡುಗ, ಸತ್ರಕ್ಕೆ ಇಷ್ಟು ಕೊಳಗ ಅಂತ ಓದಿ ಓದಿ ಸಾಕಾಗಿರುತ್ತದೆ. ಆದರೆ ಕಷ್ಟಕಾಲಕ್ಕೆಂದು ಎತ್ತಿಟ್ಟ ಧಾನ್ಯವನ್ನೇ ವಿಷಯವಾಗಿ ಇಟ್ಟುಕೊಂಡ ಶಾಸನ ತೀರಾ ಅಪರೂಪ. ಅಂಥದ್ದೊಂದು ಉತ್ತರಪ್ರದೇಶದ ಗೋರಖಪುರ ಜಿಲ್ಲೆಯ ಸೋಹಗೌರಾದಲ್ಲಿ, 19ನೆಯ ಶತಮಾನದ ಕೊನೆಯ ದಶಕದಲ್ಲಿ ಸಿಕ್ಕಿತು.

ಅಂಗೈಗಿಂತ ಚಿಕ್ಕ ತಾಮ್ರದ ತುಂಡು. ಅಕ್ಷರ ಕೊರೆದದ್ದಲ್ಲ, ಅಚ್ಚಿನಲ್ಲಿ ಎರಕ ಹೊಯ್ದದ್ದು; ಹಾಗಾಗಿ ಉಬ್ಬಿಕೊಂಡಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ನಾಲ್ಕೇ ಸಾಲು. ಸಾಮಾನ್ಯವಾಗಿ ಕ್ರಿ.ಪೂ. 3ನೆಯ ಶತಮಾನದ್ದೆಂದು ಎಣಿಸುತ್ತಾರೆ. ಶ್ರಾವಸ್ತಿಯ ಮಹಾಮಾತ್ರರ ಆಜ್ಞೆ ಎಂದು ಶುರುವಾಗುತ್ತದೆ. ನಮ್ಮ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಇಸಿಲದ ಮಹಾಮಾತ್ರರು ಬರುತ್ತಾರಲ್ಲ, ಅದೇ ಹುದ್ದೆ. ಸಾಲುಗಳ ಮೇಲೆ ಚಿಹ್ನೆಗಳಿವೆ: ಬೇಲಿಯೊಳಗಿನ ಮರ, ಚಂದ್ರನನ್ನು ಹೊತ್ತ ಬೆಟ್ಟ, ಜೊತೆಗೆ ಕಂಬಗಳ ಮೇಲೆ ನಿಂತ ಎರಡು ಕಣಜ. ಪಠ್ಯದಲ್ಲೂ 'ದುವೇ ಕೋಠಗಲಾನಿ', ಅಂದರೆ ಎರಡು ಕೋಷ್ಠಾಗಾರ. ಓದು ಬಾರದವನಿಗೂ ಇದು ಯಾವುದರ ಮಾತು ಅಂತ ಗೊತ್ತಾಗುತ್ತಿತ್ತು.

ಜಗಳ ಇರೋದು ಕೊನೆಯ ಸಾಲಿನಲ್ಲಿ. 'ಅತಿಯಾಯಿಕ' ಎಂದರೆ ತುರ್ತು, ಆಪತ್ತು. ಅದರ ಬಗ್ಗೆ ತಕರಾರಿಲ್ಲ. ಆಮೇಲೆ ಬರುವ 'ನೋ ಗಹಿತವ' ಇದೆಯಲ್ಲ, ಅದು 'ಗ್ರಹ' ಧಾತುವಿನಿಂದ ಬಂದದ್ದು. ಫ್ಲೀಟ್ ಅವರ ಜಾಡಿನಲ್ಲಿ ಓದಿದರೆ, ಇದು ತುರ್ತಿಗೆಂದು ಇಟ್ಟದ್ದು, ಬೇರೆ ಹೊತ್ತಿನಲ್ಲಿ ತೆಗೆಯಬಾರದು ಎಂದಾಗುತ್ತದೆ. ಜಾಯಸ್ವಾಲ್ ಅದನ್ನೇ ಆಪತ್ತು ಬಂದಾಗ ತಡೆಹಿಡಿಯಬಾರದು ಎಂದು ಓದಿದರು. ಒಂದು ಕಣಜಕ್ಕೆ ಬೀಗ ಹಾಕುವ ಆಜ್ಞೆ, ಇನ್ನೊಂದು ಬೀಗ ತೆಗೆಯುವ ಆಜ್ಞೆ! ಕನ್ನಡದವರಿಗೆ ಈ ತೊಡಕು ಅಷ್ಟೇನೂ ವಿಚಿತ್ರ ಅನ್ನಿಸಬಾರದು. ನಮ್ಮ 'ಹಿಡಿ'ಯೂ ಹೀಗೇ, ಕೈಗೆ ತೆಗೆದುಕೊಳ್ಳುವುದಕ್ಕೂ ಅದೇ, ಬಿಡದೆ ಇಟ್ಟುಕೊಳ್ಳುವುದಕ್ಕೂ ಅದೇ.

ಏನನ್ನು ಕೂಡಿಡಬೇಕು, ಹೇಗೆ ಇಡಬೇಕು ಅನ್ನೋದನ್ನು ಪಟ ವಿವರಿಸುವುದಿಲ್ಲ. ಅದಕ್ಕೆ ಅರ್ಥಶಾಸ್ತ್ರಕ್ಕೇ ಹೋಗಬೇಕು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓಲೆಗರಿಯಿಂದ 1909ರಲ್ಲಿ ಅಚ್ಚು ಹಾಕಿಸಿದ ಅದೇ ಗ್ರಂಥ. ಕೋಟೆಯಲ್ಲಿ ಎಣ್ಣೆ, ಧಾನ್ಯ, ಬೆಲ್ಲದಂಥವು, ಉಪ್ಪು, ಔಷಧಿ, ಒಣಗಿಸಿದ ತರಕಾರಿ, ಒಣಮಾಂಸ, ಸೌದೆ ಎಲ್ಲವೂ ಹಲವು ವರ್ಷಕ್ಕಾಗುವಷ್ಟು ಇರಬೇಕು ಅನ್ನುತ್ತದೆ. ಧಾನ್ಯ ಎತ್ತರದಲ್ಲಿ, ಎಣ್ಣೆ ಮಣ್ಣಿನ ಇಲ್ಲವೇ ಮರದ ಪಾತ್ರೆಯಲ್ಲಿ, ಉಪ್ಪು ನೆಲದ ಮೇಲೆ. ಪಟದ ಕಂಬದ ಕಣಜಗಳನ್ನು ಇಲ್ಲಿ ನೆನೆಯಬಹುದು. ಬಂದದ್ದರಲ್ಲಿ ಅರ್ಧವನ್ನು ಜನಪದದ ಆಪತ್ತಿಗೆ ತೆಗೆದಿಟ್ಟು ಉಳಿದರ್ಧ ಬಳಸಬೇಕು. ಹೊಸದು ಬಂದ ಹಾಗೆ ಹಳೆಯದನ್ನು ಬದಲಾಯಿಸುತ್ತಿರಬೇಕು. ಅಂದರೆ ಆಪತ್ತಿನ ಕಣಜಕ್ಕೂ ಆಗಾಗ ಕೈ ಹಾಕಲೇಬೇಕು, ಇಲ್ಲವಾದರೆ ಹುಳದ ಪಾಲು. ತೆಗೆಯಲೇಬಾರದು ಅನ್ನುವ ಓದು ನನಗೆ ಸಪ್ಪೆ ಅನ್ನಿಸಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ಮನೆಯದು. ನಮ್ಮಜ್ಜಿ ಹಗೇವಿನ ರಾಗಿ ಉಂಡು ಬೆಳೆದವರು. ರಾಗಿಯ ಕಾಳು ಸಣ್ಣದು, ಹುಳ ಸುಲಭಕ್ಕೆ ಹತ್ತಲ್ಲ; ನೆಲದೊಳಗೆ ಬಾಯಿ ಮುಚ್ಚಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಆದರೆ ಬಾಯಿ ತೆಗೆದ ಕೂಡಲೇ ಇಳಿಯೋ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋದದ್ದಿದೆ. ಒಮ್ಮೆ ತೆಗೆದ ಮೇಲೆ ತಂಪು ಹೊಕ್ಕೀತೆಂದು ಪೂರ್ತಿ ಖಾಲಿ ಮಾಡಬೇಕು. ಅದಕ್ಕೇ ದೊಡ್ಡವರು ಇವತ್ತು ಬೇಡ, ಇನ್ನೊಂದು ಮಳೆ ನೋಡೋಣ ಅಂತ ಮುಂದೂಡುತ್ತಿದ್ದರಂತೆ. ಅಜ್ಜಿ ಹೇಳುತ್ತಿದ್ದ ಹಸಿವಿನ ಕತೆಗಳೆಲ್ಲ ಆ ಮುಂದೂಡಿದ ದಿನಗಳವು. ಕಂಬದ ಮೇಲಿನ ಕಣಜಕ್ಕೆ ಹಗೇವಿನ ನಿಯಮ ಹಚ್ಚೋದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಕಣಜ ಕಾಯುವವನ ಮನಸ್ಸು ಎರಡು ಕಡೆಯೂ ಒಂದೇ. ಮೇಲಿನಿಂದ ಮಾತು ಬರುವ ತನಕ ಅವನು ಬಾಗಿಲು ತೆಗೆಯಲ್ಲ. ಆ ಮಾತೇ ಈ ಪಟ ಎಂದು ನಾನು ಜಾಯಸ್ವಾಲರ ಕಡೆ ವಾಲಿದ್ದೇನೆ.

ಇದಕ್ಕೆ ಜೋಡಿಯಾಗಿ ಓದಬೇಕಾದ್ದು ಈಗಿನ ಬಾಂಗ್ಲಾದೇಶದ ಮಹಾಸ್ಥಾನದಲ್ಲಿ 1931ರಲ್ಲಿ ಸಿಕ್ಕ ಕಲ್ಲಿನ ತುಂಡು. ಅದೂ ಬ್ರಾಹ್ಮಿ, ಅಲ್ಲೂ 'ಅತಿಯಾಯಿಕ', ಅಲ್ಲೂ ಕೋಷ್ಠಾಗಾರ. ತಲೆಯ ಭಾಗ ಒಡೆದುಹೋಗಿದೆ. ಅಲ್ಲಿ ಕಣಜ ಆಗಲೇ ತೆರೆದಾಗಿದೆ. ಆಪತ್ತು ಕಳೆದ ಮೇಲೆ ಧಾನ್ಯದಿಂದ ಕಣಜವನ್ನೂ, ಗಂಡಕ ನಾಣ್ಯಗಳಿಂದ ಬೊಕ್ಕಸವನ್ನೂ ಮತ್ತೆ ತುಂಬಿಸಬೇಕು ಎಂದು ಭಂಡಾರ್ಕರ್ ಓದಿದರು.