ಮಾಗಿ ಚಳಿ ಮತ್ತು ನಮ್ಮೂರ ಶಾಲೆ

ತಿಪಟೂರು ಸೀಮೆಯ ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಗೆ ನಾವು ಸೇರಿದ್ದು 1980ರ ದಶಕದ ಕೊನೆಯಲ್ಲಿ. ಮಾಗಿ ಬಂತೆಂದರೆ, ತೆಂಗಿನ ತೋಟದ ಮಂಜು ಕರಗುವವರೆಗೆ ಮೇಷ್ಟ್ರು ಅಂಗಳದ ಎಳೆಬಿಸಿಲಲ್ಲೇ ಕೂರಿಸಿ ಮಗ್ಗಿ ಹೇಳಿಸೋರು. ಬೆರಳು ಸೆಟೆದು ಬಳಪ ಜಾರುತ್ತಿತ್ತು. ರಾಗಿ ಕೊಯ್ಲು, ಕಣ ಶುರುವಾದರೆ ಅರ್ಧ ತರಗತಿ ಖಾಲಿ. ದನ ಕಾಯಲು ನಿಂತ ಕೆಲವು ಗೆಳೆಯರು ಸಂಕ್ರಾಂತಿ ಕಳೆದರೂ ಮರಳಲಿಲ್ಲ. ನಾವು ಎಸ್ಸೆಸ್ಸೆಲ್ಸಿ ಮುಟ್ಟಿದ್ದೇ ಹೆಚ್ಚು.

ಆಗ ಮನೆಯ ಹಾಲು ಹೋಟೆಲಿಗೆ, ಮಕ್ಕಳಿಗೆ ತಂಗಳು ಮುದ್ದೆ. 2003ರಲ್ಲಿ ನಮ್ಮ ಕಡೆಗೂ ಬಿಸಿಯೂಟ ಬಂತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದಲ್ಲಿ ಮಗುವಿಗೆ 150 ಮಿಲಿ ಬಿಸಿ ಹಾಲು. ನಮ್ಮಂಥ ಸಂಘಗಳ ಹಾಲೇ ಪುಡಿಯಾಗಿ ಶಾಲೆ ಸೇರುತ್ತದೆ. ಇದು ನಮಗೆ ಹೆಮ್ಮೆ. ಆದರೆ ಮಗು ಕಣದಲ್ಲೇ ಉಳಿದರೆ ಫಲವೇನು? ಸದಸ್ಯ ಬಾಂಧವರೇ, ಸುಗ್ಗಿಯಲ್ಲೂ ಮಕ್ಕಳನ್ನು ಶಾಲೆಗೆ ಕಳಿಸೋಣ.